ಅಜ್ಜಾರ ಮಜ್ಜಿಗೆಯ ಉಪ್ಪು

ಹೊಳೆ ದಂಡೆಯ ಆ ಆಶ್ರಮದಲ್ಲಿ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಶಿಷ್ಯ ಮರಿದೇವನಿಗೆ ಅಜ್ಜಾರೆಂದರೆ ಪ್ರಾಣ. ಅವರನ್ನು ಬಿಟ್ಟರೆ ಅವನಿಗೆ ಪ್ರೀತಿ ಇದ್ದದ್ದು ಇದ್ದಿಲ ಚೂರಿನ ಮೇಲೆ.

ಯಾರಿಗೆ ಏನು ಪಥ್ಯ, ಯಾರಿಗೆ ಎಷ್ಟು ಹಾಲು, ಎಲ್ಲವನ್ನೂ ಅವನು ಇದ್ದಿಲಿನಿಂದ ಗೋಡೆಗಳ ಮೇಲೆ ಬರೆದಿಡುತ್ತಿದ್ದ. ಅಡುಗೆಮನೆಗೆ ಬೇಕಾದ್ದು ಅಡುಗೆಮನೆಯ ಗೋಡೆಗೆ, ಕೊಟ್ಟಿಗೆಗೆ ಬೇಕಾದ್ದು ಕೊಟ್ಟಿಗೆಯ ಗೋಡೆಗೆ. ಒಂದೇ ಮಾತು ನಾಲ್ಕು ಕಡೆ ಬೇಕಾದರೆ ನಾಲ್ಕು ಕಡೆಯೂ ಬರೆಯುತ್ತಿದ್ದ. ಕೈ ಕರ್ರಗಾದಷ್ಟೂ ಅವನಿಗೆ ಖುಷಿ.

ಆ ಮಳೆಗಾಲ ಅಜ್ಜಾರ ಕಾಲು ಬಾತವು. ಉಪ್ಪು ಮುಟ್ಟಲೇಬಾರದು ಎಂದು ವೈದ್ಯರು ಹೇಳಿಹೋದರು. ಮರಿದೇವ ಓಡಾಡಿ ಗೋಡೆಗಳನ್ನೆಲ್ಲ ತಿದ್ದಿದ.

ಬಾವು ಇಳಿಯಲಿಲ್ಲ. ಏದುಸಿರೂ ಶುರುವಾಯಿತು. ವೈದ್ಯರು ಮತ್ತೆ ಬಂದು, ಹೀಗೇ ಆದರೆ ಅಜ್ಜಾರು ಉಳಿಯುವುದು ಕಷ್ಟ ಎಂದಾಗ ಮರಿದೇವನ ಜೀವ ಬಾಯಿಗೆ ಬಂತು.

ಉಪ್ಪು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತ ಕೊಟ್ಟಿಗೆಗೆ ಹೋದ. ಮಜ್ಜಿಗೆ ಕಡೆಯುವ ಸಂಗವ್ವ ಗೋಡೆಯತ್ತ ಕೈ ತೋರಿಸಿದಳು. ಬೇಸಿಗೆಯಲ್ಲಿ ಅವನೇ ಬರೆದ ಸಾಲು ಅಲ್ಲಿ ಹಾಗೇ ಇತ್ತು: ಅಜ್ಜಾರಿಗೆ ದಿನಾ ಉಪ್ಪು ಹಾಕಿದ ಮಜ್ಜಿಗೆ. ಅದೊಂದನ್ನು ತಿದ್ದಲು ಅವನು ಮರೆತಿದ್ದ.

ಅವನು ಅಜ್ಜಾರ ಬಾತ ಕಾಲು ಹಿಡಿದುಕೊಂಡು ಅತ್ತ.

“ನೀವಾದ್ರೂ ಹೇಳಬಾರದಿತ್ತೇನ್ರಿ ಅಜ್ಜಾರ?”

“ನೀ ಬರದೀ ಅಂತ ಸಂಗವ್ವ ಕೊಟ್ಲು. ಭಾಳ ರುಚಿ ಇತ್ತೋ,” ಎಂದರು ಅಜ್ಜಾರು.

ಇನ್ನು ದಿನಾ ಬೆಳಿಗ್ಗೆ ಎದ್ದು ಎಲ್ಲ ಗೋಡೆಗಳನ್ನೂ ನೋಡುತ್ತೇನೆ ಎಂದು ಮರಿದೇವ ಆಣೆ ಮಾಡಿದ. ಅಜ್ಜಾರು ಅವನ ಕಣ್ಣೊರೆಸಿ, ಹೋಗಿ ಸುಣ್ಣ ಕಲಸು ಎಂದರು.

ಸಂಜೆಯೊಳಗೆ ಗೋಡೆಗಳೆಲ್ಲ ಬೆಳ್ಳಗಾದವು. ಅಂಗಳದ ಬೇವಿನ ಕೆಳಗೆ ಒಂದು ಹಲಗೆ ಬಂತು. ಯಾವ ಮಾತೇ ಆದರೂ ಒಂದೇ ಸಲ, ಅಲ್ಲೇ. ಬೇಕಾದವರು ಅಲ್ಲಿಗೇ ಬರಬೇಕು. ಬರೆಯುವವನು ಮರಿದೇವ ಒಬ್ಬನೇ. ಮಳೆಗೆ ಅಳಿಸಿದರೆ ಇರಲಿ ಎಂದು ಹಲಗೆಯ ನಕಲೊಂದು ದಿನಾ ಪೆಟ್ಟಿಗೆ ಸೇರುತ್ತಿತ್ತು. ಅಷ್ಟು ದೂರ ಯಾರು ನಡೆಯುತ್ತಾರೆ ಎಂದು ಸಂಗವ್ವ ಗೊಣಗಿದಳು, ಗೊಣಗುತ್ತಲೇ ನಡೆದಳು.

ಬಾವು ಇಳಿಯತೊಡಗಿತು. ಆದರೂ ಮರಿದೇವನಿಗೆ ಸಮಾಧಾನವಿಲ್ಲ.

“ಅಜ್ಜಾರ, ಮೊದಲ ಒಂದು ಗೋಡಿ ತಪ್ಪಿದ್ರ ಒಂದು ಕಡೆ ತಪ್ಪು. ಈಗ ಹಲಗಿ ತಪ್ಪಿದ್ರ ಎಲ್ಲಾ ಕಡೆನೂ ತಪ್ಪಾಗೂದಿಲ್ಲೇನ್ರಿ?”

ಅಜ್ಜಾರು ನಕ್ಕರು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಗದ್ದಲ. ಹಲಗೆಯ ಮೇಲೆ ಸೊಟ್ಟ ಅಕ್ಷರದಲ್ಲಿ ಹೊಸ ಸಾಲೊಂದಿತ್ತು: ಅಜ್ಜಾರಿಗೆ ಉಪ್ಪು ಹಾಕಿದ ಮಜ್ಜಿಗೆ ಕೊಡಬಹುದು. ಅಡುಗೆಯವರು ಸೌಟು ಹಿಡಿದೇ ಓಡಿಬಂದಿದ್ದರು. ಔಷಧಿ ಕೋಣೆಯವರು ಇದು ಸಾಧ್ಯವೇ ಇಲ್ಲ ಎನ್ನುತ್ತಿದ್ದರು. ಸಂಗವ್ವ ಮಜ್ಜಿಗೆಯ ಗಡಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು.

ಮರಿದೇವ ಸಾಲನ್ನು ಒರೆಸಿ, ಬೇವಿನ ಬುಡದಲ್ಲಿ ಕೂತಿದ್ದ ಅಜ್ಜಾರ ಕಡೆ ತಿರುಗಿದ. ಅವರ ಬೆರಳ ತುದಿ ಕರ್ರಗಿತ್ತು.

“ಕೊಟ್ಟಿಗಿ ಗೋಡಿ ಮ್ಯಾಲ ಇದ್ದಾಗ ಮಳೆಗಾಲ ಪೂರ್ತಿ ಕುಡದೆ,” ಎಂದರು ಅಜ್ಜಾರು. “ಇಲ್ಲಿ ಬರದ್ರ ಒಂದು ಗುಟುಕೂ ದಕ್ಕಲಿಲ್ಲ ನೋಡು.”