ಹಣೆ ಒರೆಸದೆ ತಂದ ಕಾರು

“ಬುದ್ಧೀ, ವ್ಯಾಪಾರ ಕುದುರಿಸುವಾಗ ಆಡಿದ ಸುಳ್ಳೂ ಸುಳ್ಳೇ?”

ಮಠದ ಜಗಲಿಯ ಮೇಲೆ ಗುರುಗಳ ಎದುರು ಕುಳಿತು ಶಿಷ್ಯ ಶಂಭುಲಿಂಗ ಹೀಗೆ ಕೇಳಿದ. ಅಂದು ಬೆಳಿಗ್ಗೆ ಅವನು ಪೇಟೆಗೆ ಹೋಗಿ ಮಠದ ಓಡಾಟಕ್ಕೆಂದು ಒಂದು ಹಳೆಯ ಕಾರು ಕೊಂಡು ತಂದಿದ್ದ. ಕಾರು ಅಂಗಳದಲ್ಲಿ ನಿಂತಿತ್ತು. ಅದರ ಕೀಲಿ ಅವನ ಬೆರಳಲ್ಲಿ ಗಿರಗಿರನೆ ತಿರುಗುತ್ತಿತ್ತು.

“ಏನು ಆಡಿದೆ, ಮೊದಲು ಅದನ್ನು ಹೇಳು” ಎಂದರು ಗುರುಗಳು.

“ದೊಡ್ಡದೇನಲ್ಲ ಬುದ್ಧಿ. ಮಾರುತ್ತಿದ್ದವಳು ಒಬ್ಬ ಹೆಣ್ಣುಮಗಳು. ಕಾರು ಅವಳ ತಂದೆಯದು, ಅವರು ಹೋದ ವರ್ಷ ತೀರಿಕೊಂಡರಂತೆ. ‘ನಿಮ್ಮ ತಂದೆಗೆ ಗಾಡಿ ಓಡಿಸೋಕೆ ಬರ್ತಿರಲಿಲ್ಲ ಕಣಮ್ಮ, ಕ್ಲಚ್ಚು ಸುಟ್ಟುಹಾಕಿದ್ದಾರೆ’ ಅಂದೆ. ಇಪ್ಪತ್ತು ಸಾವಿರ ಇಳಿಸಿದಳು. ಕ್ಲಚ್ಚೇನೋ ಚೆನ್ನಾಗಿಯೇ ಇದೆ. ಆದರೆ ಮಾರುವವರು ಹೊಗಳುವುದು, ಕೊಳ್ಳುವವರು ತೆಗಳುವುದು ಎಲ್ಲ ಕಡೆ ಇದ್ದದ್ದೇ ಅಲ್ಲವೇ?”

“ಇದ್ದದ್ದೇ. ಇಪ್ಪತ್ತು ಸಾವಿರ ಉಳಿಸಿದ ಹಿಗ್ಗು ನಿನ್ನ ಮುಖದಲ್ಲಿ ಕಾಣುತ್ತಿದೆ. ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಕೇಳು. ಆ ಕೀಲಿ ತಿರುಗಿಸುವುದನ್ನು ನಿಲ್ಲಿಸು ಮಾರಾಯ, ನೋಡಿದರೆ ನನಗೆ ತಲೆ ಸುತ್ತುತ್ತದೆ” ಎಂದು ಗುರುಗಳು ಹೇಳತೊಡಗಿದರು.

ಬೋರಲಿಂಗಯ್ಯ ಎಂಬ ಎತ್ತಿನ ವ್ಯಾಪಾರಿ ಇದ್ದ. ಮೂವತ್ತು ವರ್ಷ ಸಂತೆಯಿಂದ ಸಂತೆಗೆ ತಿರುಗಿದವನು. ಎತ್ತು ಕೊಳ್ಳುವಾಗ ಅವನ ಬಾಯಿ ನೋಡಬೇಕಿತ್ತು. ತುಟಿ ಎತ್ತಿ ಹಲ್ಲು ನೋಡುವನು, ಬೆನ್ನು ತಟ್ಟುವನು, ಆಮೇಲೆ ಶುರು. “ಏನಯ್ಯಾ ಇದು, ಗೊರಸು ಸೀಳಿದೆ, ಬಾಲ ಮೊಂಡು, ಸುಳಿ ಇರಬಾರದ ಜಾಗದಲ್ಲಿದೆ. ಇದಕ್ಕೆ ಹುಲ್ಲು ಹಾಕಿದೆಯೋ ಬರೀ ಬೈಗುಳ ಹಾಕಿದೆಯೋ?” ಎತ್ತು ಸಾಕಿದವನು ಸುಮ್ಮನಿರುತ್ತಾನೆಯೇ? “ನಿನ್ನ ಕಣ್ಣಿಗೆ ಪೊರೆ ಬಂದಿದೆ, ಹೋಗಿ ಆಸ್ಪತ್ರೆಗೆ ತೋರಿಸಿಕೋ” ಎನ್ನುವನು. ಸುತ್ತ ನಿಂತವರು ನಗುವರು. ಆಮೇಲೆ ಇಬ್ಬರೂ ಟವೆಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಬೆಲೆ ಹೇಳುವರು. ಮೂರನೆಯವರಿಗೆ ಏನೂ ತಿಳಿಯದು. ಒಪ್ಪಿದರೆ ಟವೆಲು ತೆಗೆಯುವರು.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡ. ಬೋರಲಿಂಗಯ್ಯನಿಗೆ ಅವನ ಅಪ್ಪ ಕಲಿಸಿದ ಒಂದು ಪದ್ಧತಿ ಇತ್ತು. ಬೆಲೆ ಕುದುರಿದ ಮೇಲೆ ಅದೇ ಟವೆಲಿನಿಂದ ಎತ್ತಿನ ಹಣೆ ಒರೆಸಬೇಕು. ಸಾಕಿದವನಿಗೆ ಕೇಳುವ ಹಾಗೆ, “ನಾನು ಎತ್ತಿದ ದೋಷವೆಲ್ಲ ನನ್ನ ಬಾಯಿಯದು, ನಿನ್ನದಲ್ಲ. ನೀನು ಒಳ್ಳೆಯ ಮನೆಯಲ್ಲಿ ಬೆಳೆದವನು” ಎನ್ನಬೇಕು. ಅಷ್ಟು ಹೇಳದೆ ಹಗ್ಗಕ್ಕೆ ಕೈ ಹಾಕುವ ಹಾಗಿಲ್ಲ. ಸಾಕಿದವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನಲ್ಲ, ನಾನು ಸರಿಯಾಗಿ ಸಾಕಲಿಲ್ಲವೇನೋ ಎಂಬ ಕೊರಗನ್ನು ಅವನ ತಲೆಗೆ ಕಟ್ಟಿ ಕಳಿಸಬಾರದು ಎಂದು ಅವನ ಅಪ್ಪ ಹೇಳುತ್ತಿದ್ದ. ಬೋರಲಿಂಗಯ್ಯ ಮೂವತ್ತು ವರ್ಷದಲ್ಲಿ ಒಂದು ಸಲವೂ ಅದನ್ನು ಮರೆತವನಲ್ಲ.

ಐವತ್ತೈದು ದಾಟಿದ ಮೇಲೆ ಅವನ ಮಂಡಿ ಕೈಕೊಟ್ಟವು. ಬಸ್ಸು ಹತ್ತಿ ಇಳಿಯುವುದು ಆಗದಾಯಿತು. ಒಂದು ಹಳೆಯ ಕಾರಾದರೂ ಇರಲಿ ಎಂದುಕೊಂಡು ಓಡಿಸುವುದನ್ನು ಕಲಿತ. ಪೇಟೆಯಲ್ಲಿ ಧರಣೇಂದ್ರಯ್ಯ ಎಂಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕಾರು ಮಾರುತ್ತಾರೆ ಎಂದು ಯಾರೋ ಹೇಳಿದರು. ಮೇಷ್ಟ್ರಿಗೆ ಕಣ್ಣು ಮಂಜಾಗಿತ್ತು. ಇನ್ನು ಓಡಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಒಂದು ಲಕ್ಷದ ಇಪ್ಪತ್ತು ಸಾವಿರ ಬಂದರೆ ಕೊಡುವುದು ಎಂದು ಅವರು ಕೇಳಿದವರಿಗೆಲ್ಲ ಹೇಳಿದ್ದರು.

ಹದಿನೆಂಟು ವರ್ಷದ ಬಿಳಿ ಕಾರು. ಆ ಹದಿನೆಂಟು ವರ್ಷವೂ ಅದನ್ನು ನೋಡಿಕೊಂಡವನು ಬೀದಿಯ ತುದಿಯಲ್ಲಿ ಶೆಡ್ಡು ಇಟ್ಟುಕೊಂಡಿದ್ದ ಮೆಕ್ಯಾನಿಕ್ ಕಾಳಾಚಾರಿ. ಭಾನುವಾರ ಬಂತೆಂದರೆ ಅವನು ಮೇಷ್ಟ್ರ ಮನೆಗೆ ಬರುವನು. ಬಾನೆಟ್ಟು ಎತ್ತಿ ಇಂಜಿನ್ನಿಗೆ ಕಿವಿಗೊಟ್ಟು, “ಏನೂ ಇಲ್ಲ ಮೇಷ್ಟ್ರೇ” ಎನ್ನುವನು. ಆಮೇಲೆ ಇಬ್ಬರೂ ಕಾಫಿ ಕುಡಿದು ಜಗಲಿಯ ಮೇಲೆ ಚೌಕಾಬಾರ ಆಡುವರು. ಮೇಷ್ಟ್ರಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಆ ಭಾನುವಾರವೇ ಅವರ ಪಾಲಿನ ನೆಂಟರು, ಇಷ್ಟರು ಎಲ್ಲ.

ಬೋರಲಿಂಗಯ್ಯ ಬಂದ. ಎತ್ತನ್ನು ಸುತ್ತುವ ಹಾಗೆ ಕಾರನ್ನು ಮೂರು ಸುತ್ತು ಸುತ್ತಿದ. ಟೈರನ್ನು ಕಾಲಿನಿಂದ ಒದ್ದ, ಬಾಗಿಲು ತೆಗೆದು ಹಾಕಿದ, ಬಾನೆಟ್ಟು ಎತ್ತಿಸಿ ಇಂಜಿನ್ ಚಾಲೂ ಮಾಡಿಸಿದ. ಅದು ತಣ್ಣಗೆ ಗುನುಗಿತು. ಒಳ್ಳೆಯ ಮಾಲು ಎಂದು ಅವನಿಗೆ ಆಗಲೇ ಗೊತ್ತಾಯಿತು. ಇಂಜಿನ್ನಿನ ಒಳಗುಟ್ಟಿನಲ್ಲಿ ಮಾತ್ರ ಅವನಿಗೆ ಓ ಎಂದರೆ ಠೋ ಎನ್ನಲು ಬಾರದು. ಆದರೂ ಬಾಯಿ ಸುಮ್ಮನಿರಬೇಕಲ್ಲ?

“ಈ ಇಂಜಿನ್ ಬಿಚ್ಚಿದ್ದಾರೆ ಮೇಷ್ಟ್ರೇ. ಒಳಗಿದ್ದ ಒಳ್ಳೇ ಸಾಮಾನೆಲ್ಲ ಎತ್ತಿಕೊಂಡು ಗುಜರಿ ಸಾಮಾನು ತುಂಬಿದ್ದಾರೆ. ನಿಮ್ಮ ಮೆಕ್ಯಾನಿಕ್ಕು ನಿಮಗೆ ಸರಿಯಾಗಿ ಪಂಗನಾಮ ಹಾಕಿದ್ದಾನೆ” ಎಂದ.

ಹೀಗೆಂದು ಸೊಂಟದ ಮೇಲೆ ಕೈಯಿಟ್ಟು ನಿಂತ. ಈಗ ಮೇಷ್ಟ್ರು ತಿರುಗಿಸಿ ಕೊಡಬೇಕು. ‘ನಿನಗೇನು ಗೊತ್ತು, ನೀನು ಕತ್ತೆ ಕೊಳ್ಳೋಕೆ ಹೋಗು’ ಎಂದು ಒಂದು ಮಾತು ಎಸೆಯಬೇಕು. ಆಗ ಇವನು ಇನ್ನೊಂದು ಎಸೆಯಬೇಕು. ಮೇಷ್ಟ್ರು ಎಸೆಯಲಿಲ್ಲ. ಅವರ ಮುಖ ಬಾಡಿತು. “ಕಾಳಾಚಾರಿಯೇ?” ಎಂದು ಮೆಲ್ಲಗೆ ಕೇಳಿದರು. ಅದು ಬೋರಲಿಂಗಯ್ಯನನ್ನು ಕೇಳಿದ್ದಲ್ಲ, ತಮ್ಮನ್ನೇ ಕೇಳಿಕೊಂಡದ್ದು.

ಇದು ಪೇಟೆಯವರ ವರಸೆ ಇರಬೇಕು ಎಂದುಕೊಂಡ ಬೋರಲಿಂಗಯ್ಯ. ಹೆಗಲ ಮೇಲಿನ ಟವೆಲು ತೆಗೆದು, ಅದರ ಕೆಳಗೆ ಕೈ ಚಾಚಿದ. ಮೇಷ್ಟ್ರಿಗೆ ಅದರ ಗುಟ್ಟು ಏನು ತಿಳಿಯಬೇಕು? ಬಾನೆಟ್ಟು ಎತ್ತಿ ಮಸಿಯಾದ ಕೈ ಒರೆಸಿಕೊಳ್ಳಲು ಕೊಟ್ಟ ಎಂದುಕೊಂಡು, ಟವೆಲಿಗೆ ಎರಡೂ ಕೈ ಒರೆಸಿ, ಮಡಿಸಿ, ವಾಪಸು ಕೊಟ್ಟರು. ನಗಬೇಡ, ಮುಂದೆ ಕೇಳು. “ಎಷ್ಟು ಕೊಡಬೇಕು ಅನ್ನಿಸುತ್ತದೋ ಅಷ್ಟು ಕೊಡಿ” ಎಂದರು.

ಮೂವತ್ತು ವರ್ಷದಲ್ಲಿ ಬೋರಲಿಂಗಯ್ಯನಿಗೆ ಹಾಗೆ ಅಂದವರೇ ಇರಲಿಲ್ಲ. ಎಂಬತ್ತು ಸಾವಿರ ಎಂದ. ಮೇಷ್ಟ್ರು ಹೂಂ ಎಂದರು. ದುಡ್ಡು ಕೊಟ್ಟ, ಕಾಗದಕ್ಕೆ ರುಜು ಹಾಕಿಸಿಕೊಂಡ, ಕೀಲಿ ಇಸಿದುಕೊಂಡ. ಆಗ ಅಭ್ಯಾಸಬಲದಿಂದ ಟವೆಲು ಹಿಡಿದ ಅವನ ಕೈ ಬಾನೆಟ್ಟಿನ ಕಡೆಗೆ ಹೋಯಿತು. ಅರ್ಧಕ್ಕೆ ನಿಂತಿತು. ‘ಥೂ, ಕಬ್ಬಿಣಕ್ಕೆ ಎಲ್ಲಿಯ ಹಣೆ!’ ಎಂದುಕೊಂಡು ಟವೆಲನ್ನು ಹೆಗಲಿಗೆ ಹಾಕಿದ. ಕಾರು ಹತ್ತಿ ಹೊರಟುಹೋದ.

ಇಲ್ಲಿ ಶಂಭುಲಿಂಗ ನಡುವೆ ಬಾಯಿ ಹಾಕಿದ. “ಕಾರು ಕೆಟ್ಟುಹೋಯಿತೇ ಬುದ್ಧಿ?”

“ಕೆಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತಲ್ಲಪ್ಪಾ” ಎಂದರು ಗುರುಗಳು.

ಎಂಟು ತಿಂಗಳು ಆ ಕಾರು ಒಂದು ದಿನವೂ ತಕರಾರು ಮಾಡಲಿಲ್ಲ. ಒಮ್ಮೆ ಆಯಿಲ್ ಬದಲಿಸಬೇಕಾಯಿತು. ಬೋರಲಿಂಗಯ್ಯ ಅದೇ ಪೇಟೆಗೆ ಬಂದಿದ್ದ. ಈ ಕಾರಿನ ಮೈ ಬಲ್ಲವನು ಇಲ್ಲೇ ಇದ್ದಾನಲ್ಲ ಎಂದು ನೇರವಾಗಿ ಕಾಳಾಚಾರಿಯ ಶೆಡ್ಡಿಗೆ ತಂದು ನಿಲ್ಲಿಸಿದ. ಕಾರು ಕಂಡ ಕೂಡಲೇ ಕಾಳಾಚಾರಿಯ ಮುಖ ಅರಳಿತು. ಬಾನೆಟ್ಟು ಎತ್ತಿ, ತವರಿಗೆ ಬಂದ ಮಗಳನ್ನು ನೋಡುವ ಹಾಗೆ ನೋಡಿದ.

“ಇಂಜಿನ್ ಯಾವಾಗಲಾದರೂ ಬಿಚ್ಚಿದ್ದಿರಾ?” ಎಂದು ಬೋರಲಿಂಗಯ್ಯ ಕೇಳಿದ.

“ಎಲ್ಲಾದರೂ ಉಂಟೇ ಯಜಮಾನ್ರೇ! ಹದಿನೆಂಟು ವರ್ಷಕ್ಕೆ ಒಂದು ನಟ್ಟೂ ಬಿಚ್ಚಿಲ್ಲ. ಮೇಷ್ಟ್ರು ಹಾಗೆ ಇಟ್ಟುಕೊಂಡಿದ್ದರು.” ಇಷ್ಟು ಹೇಳಿ ಕಾಳಾಚಾರಿ ಮೇಷ್ಟ್ರ ಮನೆಯ ಕಡೆ ನೋಡಿದ. “ಅವರು ನನ್ನ ಹತ್ತಿರ ಮಾತು ಬಿಟ್ಟು ಎಂಟು ತಿಂಗಳಾಯಿತು. ಯಾಕೆ ಅಂತ ಹೇಳಲಿಲ್ಲ. ಭಾನುವಾರ ಹೋದರೆ ಬಾಗಿಲು ತೆಗೆಯಲಿಲ್ಲ. ಎರಡು ಸಲ, ಮೂರು ಸಲ ಹೋದೆ. ಕಿಟಕಿಯಲ್ಲಿ ಕೂತಿರುವುದು ಕಾಣುತ್ತದೆ, ಕರೆದರೆ ಏಳುವುದಿಲ್ಲ. ನಾನು ಎಲ್ಲಿ ತಪ್ಪಿದೆ ಅಂತ ದಿನಾ ಹುಡುಕುತ್ತೇನೆ ಯಜಮಾನ್ರೇ, ಸಿಗುತ್ತಿಲ್ಲ.”

ಆ ತಪ್ಪು ಎಲ್ಲಿದೆ ಎಂದು ಬೋರಲಿಂಗಯ್ಯನಿಗೆ ಗೊತ್ತಿತ್ತು. ಅಲ್ಲೇ ಹೇಳಿಬಿಡಬೇಕಿತ್ತು. ನಾಲಿಗೆ ಏಳಲಿಲ್ಲ. ಮೂವತ್ತು ವರ್ಷ ಇಲ್ಲದ ದೋಷವನ್ನು ಸರಾಗವಾಗಿ ಎತ್ತಿ ಆಡಿದ ನಾಲಿಗೆ, ಇದ್ದ ತನ್ನ ದೋಷ ಒಂದನ್ನು ಹೇಳಲಾರದೆ ಹೋಯಿತು. ಕಾರನ್ನು ಅಲ್ಲೇ ಬಿಟ್ಟು, ಮಂಡಿ ನೋವಿನಲ್ಲೇ ಮೇಷ್ಟ್ರ ಮನೆಗೆ ನಡೆದ.

ಬಾಗಿಲು ತೆರೆದ ಮೇಷ್ಟ್ರ ಮುಂದೆ ಕೈ ಮುಗಿದು ನಿಂತ. “ಅಂದು ನಾನು ಆಡಿದ್ದು ಬೆಲೆ ಇಳಿಸುವ ಮಾತು ಮೇಷ್ಟ್ರೇ. ನಮ್ಮ ಸಂತೆಯಲ್ಲಿ ಹಾಗೆ ಆಡುತ್ತೇವೆ, ಯಾರೂ ಅದನ್ನು ಮನೆಗೆ ಒಯ್ಯುವುದಿಲ್ಲ. ನಿಮ್ಮ ಇಂಜಿನ್ನಿಗೆ ಏನೂ ಆಗಿರಲಿಲ್ಲ. ಆ ಮನುಷ್ಯ ಅಪರಂಜಿ. ಉಳಿದ ನಲವತ್ತು ಸಾವಿರ ತಂದುಕೊಡುತ್ತೇನೆ, ಅವರನ್ನು ಕರೆಸಿ” ಎಂದ.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಇವನಿಗೆ ಎಷ್ಟೋ ಹಗುರವಾಗುತ್ತಿತ್ತು. ಮಂಜುಗಣ್ಣಿನಿಂದ ಇವನ ಮುಖ ಇದ್ದ ಕಡೆಗೆ ನೋಡಿದರು.

“ಒಂದು ತಿಂಗಳು ಕಳೆಯುವುದರೊಳಗೆ ನನಗೂ ಅನ್ನಿಸಿತು ಬೋರಲಿಂಗಯ್ಯನವರೇ, ನೀವು ಸುಮ್ಮನೆ ಅಂದಿರಬೇಕು ಅಂತ. ಆದರೆ ಅಷ್ಟರಲ್ಲಿ ಬಾಗಿಲು ಹಾಕಿಕೊಂಡುಬಿಟ್ಟಿದ್ದೆ. ನೀವು ಯಾರು ಅಂತಲೇ ನನಗೆ ಗೊತ್ತಿರಲಿಲ್ಲ. ಬಂದು ಅರ್ಧ ಗಂಟೆಯಾಗಿತ್ತು. ನಿಮ್ಮ ಒಂದು ಮಾತು ನಂಬಿದೆ, ಅವನ ಹದಿನೆಂಟು ವರ್ಷ ನಂಬಲಿಲ್ಲ. ನಿಮಗೆ ಕ್ಷಮೆ ಕೊಡುವುದು ಸುಲಭ. ಯಾವ ಮುಖ ಹೊತ್ತುಕೊಂಡು ಅವನ ಶೆಡ್ಡಿಗೆ ಹೋಗಲಿ, ನೀವೇ ಹೇಳಿ.”

ದುಡ್ಡು ಬೇಡವೇ ಬೇಡ ಎಂದರು. ಬೋರಲಿಂಗಯ್ಯ ಶೆಡ್ಡಿಗೆ ಮರಳಿದ. ಈ ಸಲ ನಾಲಿಗೆ ಎದ್ದಿತು. ನಡೆದದ್ದನ್ನೆಲ್ಲ ಹೇಳಿ ಕಾಳಾಚಾರಿಯ ಕಾಲು ಹಿಡಿಯಲು ಬಗ್ಗಿದ. ಕಾಳಾಚಾರಿ ಅವನ ರಟ್ಟೆ ಹಿಡಿದು ಎತ್ತಿದ. ಸ್ಪ್ಯಾನರನ್ನು ಬಟ್ಟೆಯಿಂದ ಒರೆಸುತ್ತ ಬಹಳ ಹೊತ್ತು ನಿಂತ. ಅದು ಆಗಲೇ ಹೊಳೆಯುತ್ತಿತ್ತು.

“ನೀವು ವ್ಯಾಪಾರಕ್ಕೆ ಆಡಿದಿರಿ, ಬಿಡಿ. ಅವರು ನಂಬಿಬಿಟ್ಟರಲ್ಲ” ಎಂದ.

ಆದರೂ ಅವನು ದೊಡ್ಡ ಮನಸ್ಸಿನವನು. ಮುಂದಿನ ಭಾನುವಾರ ಬೋರಲಿಂಗಯ್ಯನ ಜೊತೆಯಲ್ಲಿ ಮೇಷ್ಟ್ರ ಮನೆಗೆ ಹೋದ. ಮೇಷ್ಟ್ರು ತಡವರಿಸುತ್ತ ಎದ್ದು ತಾವೇ ಕಾಫಿ ತಂದರು. ಕಾಳಾಚಾರಿ ಜಗಲಿಯ ಅಂಚಿನಲ್ಲಿ ಕೂತು ಕುಡಿದ. ಮೇಷ್ಟ್ರು ಚೌಕಾಬಾರದ ಕವಡೆಗಳನ್ನು ತೆಗೆದಿಟ್ಟಿದ್ದರು. ಕಾಳಾಚಾರಿ ಅವುಗಳ ಕಡೆ ನೋಡಿದ. ಶೆಡ್ಡಿನಲ್ಲಿ ಕೆಲಸ ಇದೆ ಮೇಷ್ಟ್ರೇ ಎಂದು ಎದ್ದ. ಭಾನುವಾರ ಶೆಡ್ಡು ಮುಚ್ಚಿರುತ್ತದೆ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಆಗಲಿ ಎಂದರು. ಅದರ ಮುಂದಿನ ಭಾನುವಾರ ಅವನು ಬರಲಿಲ್ಲ, ಆಮೇಲೂ ಬರಲಿಲ್ಲ. ಬೀದಿಯಲ್ಲಿ ಎದುರಾದರೆ ಇಬ್ಬರೂ ನಮಸ್ಕಾರ ಎನ್ನುತ್ತಿದ್ದರು. ಹದಿನೆಂಟು ವರ್ಷ ಅವರು ಒಬ್ಬರಿಗೊಬ್ಬರು ನಮಸ್ಕಾರ ಹೇಳಿದ್ದೇ ಇರಲಿಲ್ಲ.

ಬೋರಲಿಂಗಯ್ಯ ಆ ಕಾರನ್ನು ಮಾರಲಿಲ್ಲ. ಬೆಳಿಗ್ಗೆ ಎದ್ದು ಟವೆಲಿನಿಂದ ಅದರ ಬಾನೆಟ್ಟು ಒರೆಸುತ್ತಿದ್ದ. ನಾನು ಎತ್ತಿದ ದೋಷ ನನ್ನ ಬಾಯಿಯದು, ನಿನ್ನದಲ್ಲ, ನೀನು ಒಳ್ಳೆಯ ಮನೆಯಲ್ಲಿ ಬೆಳೆದವನು ಎಂದು ಗಟ್ಟಿಯಾಗಿ ಹೇಳುತ್ತಿದ್ದ. ಮನೆಯವರು ಇವನಿಗೆ ಅರಳುಮರಳು ಎಂದುಕೊಂಡರು. ಮಾತೇನೋ ಅದೇ ಮಾತು. ಆದರೆ ಅದನ್ನು ಕೇಳಿಸಿಕೊಳ್ಳಬೇಕಾದವರು ಅಲ್ಲಿರಲಿಲ್ಲ. ಕೀಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಮುಂಚೆ, ಆ ಮನೆಯ ಅಂಗಳದಲ್ಲಿ, ಒಂದು ಉಸಿರಿನಲ್ಲಿ ಮುಗಿಯುವ ಮಾತಾಗಿತ್ತು ಅದು. ಆಮೇಲೆ ಅವನು ಅದನ್ನು ಸಾವಿರ ಸಲ ಹೇಳಿದ.

ಗುರುಗಳು ಕತೆ ನಿಲ್ಲಿಸಿದರು. ಅಂಗಳದಲ್ಲಿ ನಿಂತಿದ್ದ ಕಾರಿನ ಕಡೆ ಒಮ್ಮೆ ನೋಡಿದರು.

“ಪಾಪ, ಆ ಮೇಷ್ಟ್ರು” ಎಂದ ಶಂಭುಲಿಂಗ. “ಒಬ್ಬ ದಾರಿಹೋಕನ ಮಾತು ನಂಬಿ ಕೆಟ್ಟರು. ಅಂದರೆ ಬುದ್ಧಿ, ಅಂಥ ಸುಳ್ಳು ಪಾಪವೇ?”

ಗುರುಗಳು ಕೈ ಚಾಚಿ ಅವನ ಬೆರಳಿನಿಂದ ಕೀಲಿ ತೆಗೆದು, ಅವನ ಅಂಗೈಯಲ್ಲಿಟ್ಟು ಮುಚ್ಚಿದರು.

“ಪಾಪದ ಲೆಕ್ಕ ಆಮೇಲೆ ಕೇಳುವೆಯಂತೆ, ಅಪ್ಪನಿಗೆ ಗಾಡಿ ಓಡಿಸೋಕೆ ಬರ್ತಿರಲಿಲ್ಲ ಎಂದು ಈ ಹೊತ್ತಿಗೂ ನಂಬಿಕೊಂಡು ಕೂತಿರುವ ಆ ಮಗಳ ಮನೆ ಇಲ್ಲಿಂದ ಎಷ್ಟು ದೂರ?”