ಬಾವಿನೀರಿನ ಬೆಳಚು

ಹೊಳೆ ಕಡಲು ಸೇರುವ ಅಳಿವೆಯ ದಂಡೆಯ ಒಂದು ಕೇರಿಯಲ್ಲಿ ಬಂಗಾರಿ ಎಂಬ ಹೆಂಗಸು ಒಬ್ಬಳೇ ಇದ್ದಳು. ಘಟ್ಟದ ಮೇಲಿನ ಊರಿನಿಂದ ಮದುವೆಯಾಗಿ ಬಂದವಳು. ವರ್ಷ ತುಂಬುವ ಮೊದಲೇ ಗಂಡ ಜ್ವರದಲ್ಲಿ ತೀರಿಕೊಂಡ. ಅಂದಿನಿಂದ ಅವಳು ಊರಲ್ಲಿ ಯಾರೊಡನೆಯೂ ಬೆರೆಯಲಿಲ್ಲ. ಪಕ್ಕದ ಮನೆಯ ಮಾಸ್ತಮ್ಮ ದಿನಾ ಬಂದು ಕದ ತಟ್ಟುವಳು. "ಬಂಗಾರಿ, ಹ್ಯಾಂಗಿದ್ದೀಯೇ?" ಬಂಗಾರಿ ಕದ ತೆಗೆಯುತ್ತಿರಲಿಲ್ಲ. ಮಾಸ್ತಮ್ಮನೂ ಹಟದವಳೇ, ಮರುದಿನ ಮತ್ತೆ ಬರುವಳು.

ಹೊಟ್ಟೆ ಕೇಳಬೇಕಲ್ಲ? ನೀರಿಳಿದಾಗ ಊರ ಹೆಂಗಸರು ಸಂತೆಯಲ್ಲಿ ಮಾರಲು ಗುಂಪಾಗಿ ಬೆಳಚು ಆರಿಸಲು ಹೋಗುತ್ತಿದ್ದರು. ಅವರೆಲ್ಲ ಹಿಂದಿರುಗಿದ ಮೇಲೆ ಬಂಗಾರಿ ಒಬ್ಬಳೇ ಹೋಗಿ ಮರಳು ಕೆದಕುವಳು.

ಬೆಳಚು ಎಂದರೆ ಎಲುಬಿಲ್ಲದ ಮೆತ್ತನೆಯ ಜೀವ. ಅದರ ಬಳಗ ಬಹಳ ದೊಡ್ಡದು ಮಕ್ಕಳೇ. ಶಂಖದ ಹುಳುವಿಗೆ ಸುರುಳಿಯಾದ ಒಂದೇ ಚಿಪ್ಪು. ಬೊಂಡಾಸ್ ಎಂಬ ಕಡಲಜೀವಿಗೆ ಹೊರಗೆ ಚಿಪ್ಪೇ ಇಲ್ಲ, ಬಾಯಿಯ ಸುತ್ತ ಬರೀ ಕೈಗಳು. ನಮ್ಮ ಬೆಳಚಿಗಂತೂ ತಲೆಯೇ ಇಲ್ಲ! ಎರಡು ಚಿಪ್ಪಿನ ನಡುವೆ ಕಿವಿರು, ಮರಳು ತೋಡಲು ಒಂದು ಕಾಲು. ಹೆದರಿದರೆ ಚಿಪ್ಪು ಮುಚ್ಚಿ ಕೂತುಬಿಡುತ್ತದೆ.

ಬಂಗಾರಿ ಆರಿಸಿ ತಂದ ಬೆಳಚನ್ನು ಪಾತ್ರೆಯಲ್ಲಿ ತುಂಬಿದ ಬಾವಿಯ ನೀರಿನಲ್ಲಿ ಇಡುತ್ತಿದ್ದಳು. ಕಡಲು ಕಾಣದೆ ಬೆಳೆದವಳಿಗೆ ಒಳ್ಳೆಯ ನೀರೆಂದರೆ ಸಿಹಿನೀರೇ. ಎಲ್ಲವೂ ಬಿಗಿಯಾಗಿ ಮುಚ್ಚಿಕೊಂಡಿದ್ದನ್ನು ಕಂಡು, 'ನನ್ನ ಹಾಗೆ ತಮ್ಮ ಪಾಡಿಗೆ ತಾವಿವೆ' ಎಂದುಕೊಳ್ಳುವಳು. ಸಂತೆಗೆ ಒಯ್ಯುವ ಹೊತ್ತಿಗೆ ಅವು ಸತ್ತು ನಾರುತ್ತಿದ್ದವು. ಕೊನೆಗೆ ಸಂತೆಯವರು, "ಇನ್ನೊಮ್ಮೆ ಇಂಥದ್ದು ತಂದ್ರೆ ಇಲ್ಲಿ ಕೂರೂಕೆ ಜಾಗ ಇಲ್ಲ" ಎಂದುಬಿಟ್ಟರು. ಆ ಜಾಗ ಹೋದರೆ ಊರನ್ನೇ ಬಿಡಬೇಕು. ತವರಿನಲ್ಲೂ ಅವಳಿಗೆ ಯಾರೂ ಉಳಿದಿರಲಿಲ್ಲ.

ಮರುದಿನ ಬುಟ್ಟಿ ತುಂಬ ಬೆಳಚು ತಂದು ಬಾವಿನೀರಿಗೆ ಸುರಿದಳು. ಅದರ ಮುಂದೆಯೇ ಕೂತು ಅತ್ತಳು. ಆಗ ಕದ ತಟ್ಟಿದ ಸದ್ದಾಯಿತು. ಸುಮ್ಮನಿದ್ದರೆ ಮಾಸ್ತಮ್ಮ ಹೋಗಿಬಿಡುತ್ತಾಳೆ. ಹೋಗಲಿ ಎನಿಸಿತು. ಆದರೆ ಈ ಬುಟ್ಟಿಯವೂ ಸತ್ತರೆ? ಬಂಗಾರಿ ಎದ್ದು ಕದ ತೆಗೆದಳು.

ಮಾಸ್ತಮ್ಮ ಪಾತ್ರೆಯನ್ನು ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಬಾವಿ ನೀರಾ? ಸಿಹಿನೀರು ತಾಗಿದ್ರೆ ಇವು ಹೆದ್ರಿ ಮುಚ್ಕಂತವೆ. ಮುಚ್ಕಂಡೇ ಇದ್ರೆ ಉಸ್ರು ಕಟ್ಟಿ ಸಾಯ್ತವೆ. ನಡಿಯೇ, ಉಪ್ಪುನೀರು ತರೂಕೆ!"

ಇಬ್ಬರೂ ಅಳಿವೆಯ ನೀರು ಹೊತ್ತು ತಂದು ಬೆಳಚನ್ನು ಅದರಲ್ಲಿ ಹಾಕಿದರು. ತುಸು ಹೊತ್ತಿಗೆ ಒಂದು ಬೆಳಚು ಸಣ್ಣಗೆ ಬಾಯಿಬಿಟ್ಟಿತು. ಎರಡು ಪುಟ್ಟ ಕೊಳವೆಗಳು ಹೊರಬಂದವು. ಒಂದರಿಂದ ನೀರೆಳೆದು ಇನ್ನೊಂದರಿಂದ ಬಿಡತೊಡಗಿತು. ಅದರ ಉಸಿರೂ ಅದೇ, ಊಟವೂ ಅದೇ. ಬಂಗಾರಿ ಬೆರಳಿನಿಂದ ಮುಟ್ಟಿದಳು. ಥಟ್ಟನೆ ಮುಚ್ಚಿಕೊಂಡಿತು.

"ಸತ್ತೋಯ್ತಾ ಅಕ್ಕಾ?"

"ಇಲ್ವೇ. ಮುಟ್ಟಿದ್ರೆ ಮುಚ್ಕಂತು ಅಂದ್ರೆ ಜೀವ ಇದೆ ಅಂತ್ಲೇ ಅರ್ಥ. ತಡಿ, ಮತ್ತೆ ತೆರೀತದೆ."

ಕಾದರು. ಅದು ಮತ್ತೆ ತೆರೆಯಿತು. ಒಂದೊಂದಾಗಿ ಉಳಿದವೂ ತೆರೆದವು. ಮಾಸ್ತಮ್ಮ ಹೊರಡಲು ಎದ್ದಾಗ ಬಂಗಾರಿ ಅವಳ ಸೆರಗು ಹಿಡಿದಳು.

"ಅಕ್ಕಾ, ಗಂಜಿ ಇದೆ. ಇಲ್ಲೇ ಉಂಡು ಹೋಗು. ಒಬ್ಳೇ ಉಂಡೂ ಉಂಡೂ ಸಾಕಾಗೋಗಿದೆ."

ನೀತಿ: ನೋವು ತಾಗಿದಾಗ ಮುಚ್ಚಿಕೊಳ್ಳುವುದು ತಪ್ಪಲ್ಲ, ಜೀವವಿರುವ ಎಲ್ಲವೂ ಹಾಗೆ ಮಾಡುತ್ತವೆ. ಆದರೆ ಮುಚ್ಚಿಕೊಂಡೇ ಬದುಕಲು ಯಾರಿಂದಲೂ ಆಗದು. ನಮ್ಮನ್ನು ಕೇಳುತ್ತ ಬಂದವರಿಗೆ ಒಮ್ಮೆಯಾದರೂ ಓಗೊಡಬೇಕು.