ಹೆಜ್ಜೆ ಮೂಡದ ಕಳ್ಳ

"ಕೇಳ್ರಪ್ಪೋ ಕೇಳಿ! ಅರಮನೆಯ ಆಲೆಮನೆಯಲ್ಲಿ ವರ್ಷವರ್ಷವೂ ಬೆಲ್ಲ ಕಮ್ಮಿ ಬೀಳುತ್ತಿದೆ. ದೊರೆಯ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ. ಯಾರೂ ಬಿಡಿಸದಿದ್ದರೆ, ಈಗ ಸೆರೆಯಲ್ಲಿರುವ ಬೆಲ್ಲ ಕಾಯಿಸುವ ಹುಚ್ಚಯ್ಯನೇ ಕಳ್ಳನೆಂದು ಶೂಲಕ್ಕೇರುತ್ತಾನೆ!"

ಡಂಗುರ ಕೇಳಿದ್ದೇ ತಡ, ಹುಚ್ಚಯ್ಯನ ತಮ್ಮ ಬೆಟ್ಟಯ್ಯ ಕಬ್ಬು ಕಡಿಯುತ್ತಿದ್ದ ಕತ್ತಿ ಕೆಳಗಿಟ್ಟು ಅರಮನೆಗೆ ನಡೆದ. ಅಣ್ಣ ಒಂದು ಚೂರು ಬೆಲ್ಲವನ್ನೂ ಮನೆಗೆ ತಂದವನಲ್ಲ.

ಆಸ್ಥಾನದಲ್ಲಿ ದಳವಾಯಿಯ ಮಗ ಮೀಸೆ ತಿರುವುತ್ತ ನಿಂತಿದ್ದ. ದೊರೆ ಕೇಳಿದ: "ಒಂದೇ ಮೈ. ಬುಡ ಸಿಹಿ, ತುದಿ ಸಪ್ಪೆ. ವಂಶ ಬೆಳೆಸುವುದು ಯಾವುದು?"

"ಸಿಹಿಯಾದ ಬುಡವೇ, ಪ್ರಭು!"

ತಲೆ ತೆಗೆಯುವ ಹೊತ್ತಿನವರೆಗೆ ಇರಿಸಲು ಭಟರು ಅವನನ್ನು ಸೆರೆಗೆ ಎಳೆದೊಯ್ದರು. ಅವನ ಹಿಂದೆ ನಿಂತಿದ್ದ, ಪಾಳೆಯಗಾರನ ಅಳಿಯ ಹುಷಾರಾಗಿ "ತುದಿ" ಎಂದು ಮೊದಲನೆಯದನ್ನು ದಾಟಿದ.

"ಹುಟ್ಟಿದಾಗಿನಿಂದ ನೀರು ನೀರು ಎನ್ನುವವನಿಗೆ ಬಲಿತ ಮೇಲೂ ಹೊಟ್ಟೆತುಂಬ ಕುಡಿಸಿದರೆ?"

"ಇನ್ನೂ ಸಿಹಿಯಾಗುತ್ತಾನೆ!"

ಅವನೂ ಸೆರೆ ಸೇರಿದ. ಈಗ ಬೆಟ್ಟಯ್ಯ ಮುಂದೆ ಬಂದು ಕೈಮುಗಿದ.

"ಎರಡೂ ಕಬ್ಬಿನ ಮಾತೇ ಬುದ್ಧಿ. ನಾಟಿಗೆ ತುದಿಯ ತುಂಡೇ ಬೇಕು, ಅದರ ಕಣ್ಣು ಬೇಗ ಮೊಳೆಯುತ್ತೆ. ಕಟಾವಿಗೆ ಮುಂಚೆ ನೀರು ನಿಲ್ಲಿಸದಿದ್ದರೆ ರಸ ಸಪ್ಪೆಯಾಗುತ್ತೆ."

ದೊರೆ ನೆಟ್ಟಗೆ ಕೂತ. "ಕಡಿದು ಒಟ್ಟಿದ ಕಬ್ಬಿನಿಂದ ಹೆಜ್ಜೆ ಮೂಡಿಸದೆ ತೂಕವನ್ನೂ ಸವಿಯನ್ನೂ ಕದಿಯುವ ಕಳ್ಳ ಯಾರು? ಇದರ ಉತ್ತರ ನನಗೂ ಗೊತ್ತಿಲ್ಲ. ಹೇಳಿದರೆ ಸಾಲದು, ತೋರಿಸಬೇಕು."

ಬೆಟ್ಟಯ್ಯ ದೊರೆಯ ಮುಖ ನೋಡಿಯೇ ಹೇಳಿದ. "ಬಿಸಿಲು, ಬುದ್ಧಿ. ಅದಕ್ಕೆ ಬಾಗಿಲು ತೆಗೆದವರು ತಾವು."

"ಏನಂದೆ!" ದೊರೆಯ ಪಕ್ಕದಲ್ಲಿದ್ದ ದಳವಾಯಿ ಕತ್ತಿಗೆ ಕೈಹಾಕಿದ.

"ತಾವು ಬಂದು ಪೂಜೆ ಮಾಡೋವರೆಗೂ ಗಾಣ ತಿರುಗಿಸಬಾರದು ಅನ್ನೋದು ಕಟ್ಟಳೆ. ತಾವು ಬರೋದು ತಡ. ಕಡಿದ ಕಬ್ಬು ಅಲ್ಲೀತನಕ ಬಿಸಿಲಲ್ಲಿ ಒಣಗುತ್ತೆ."

ದೊರೆ ಎದ್ದು ಎಲ್ಲರನ್ನೂ ಕರೆದುಕೊಂಡು ಹೊರಟ. ಆಲೆಮನೆಯಲ್ಲಿ ಅವನ ಕಣ್ಣೆದುರೇ ಆಗಷ್ಟೇ ಕಡಿದ ಒಂದು ಗಾಡಿ ಕಬ್ಬನ್ನೂ ಕಾದು ಬಿದ್ದಿದ್ದ ರಾಶಿಯಿಂದ ಅಷ್ಟನ್ನೇ ತೆಗೆದೂ ಬೇರೆಬೇರೆಯಾಗಿ ಅರೆದು ಕಾಯಿಸಿದರು. ಹೊಸ ಕಬ್ಬಿನ ಬೆಲ್ಲ ಅಚ್ಚು ತುಂಬಿ ಗಟ್ಟಿಯಾಯಿತು. ರಾಶಿಯದು ಅಚ್ಚೂ ತುಂಬಲಿಲ್ಲ, ಗಟ್ಟಿಯೂ ಆಗಲಿಲ್ಲ.

"ತಪ್ಪು ನನ್ನದೇ," ಎಂದ ದೊರೆ. "ಏನು ಬೇಕು, ಕೇಳು."

"ಅಣ್ಣನನ್ನ ಬಿಡಿ. ಆ ಇಬ್ಬರನ್ನೂ ಬಿಟ್ಟುಬಿಡಿ, ಬುದ್ಧಿ. ಇನ್ನು ಮೇಲೆ ಪೂಜೆ ಆದಮೇಲೇ ಕಬ್ಬಿಗೆ ಕತ್ತಿ ಹಾಕೋಣ."

ಮೂರೂ ನಡೆದವು. ಆಲೆಮನೆಯ ಯಜಮಾನಿಕೆಯನ್ನೂ ದೊರೆ ಬೆಟ್ಟಯ್ಯನಿಗೇ ವಹಿಸಿದ.

ಸೆರೆಯಿಂದ ಹೊರಬಂದ ಹುಚ್ಚಯ್ಯ ತಮ್ಮನ ಬೆನ್ನಿಗೊಂದು ಗುದ್ದಿದ. "ದೊರೆ ಮುಖಕ್ಕೇ ಹೇಳ್ಬಿಟ್ಟೆಯಲ್ಲೋ! ತಲೆ ಹೋಗಿದ್ರೆ?"

"ನಿನ್ನ ಬಿಟ್ಟು ಮನೆಗೆ ಹೋಗಿದ್ರೆ ಅತ್ತಿಗೆ ನನ್ನ ತಲೆ ಉಳಿಸ್ತಿದ್ಲಾ?"

ಅಣ್ಣತಮ್ಮಂದಿರು ನಗುತ್ತ ಊರ ದಾರಿ ಹಿಡಿದರು.